ಪಿಚ್ಚರ್ ಹೆಂಗೈತಿ?

ದಾವಣಗೆರೆಯಲ್ಲಿ ಸಿನಿಮಾದ ತೀರ್ಪು ಹೊರಬೀಳುವುದು ಪತ್ರಿಕೆಯಲ್ಲಲ್ಲ, ಟಾಕೀಸಿನ ಗಾಡಿ ಸ್ಟ್ಯಾಂಡಿನಲ್ಲಿ. ಮುಂದಿನ ಆಟಕ್ಕೆ ಕಾದು ನಿಂತವರು ಹೊರಬರುವವರ ಮುಖ ನೋಡಿ ‘ಹೆಂಗೈತಿ?’ ಅನ್ನುತ್ತಾರೆ. ‘ಬೆಂಕಿ’ ಎಂದರೆ ಗೆದ್ದಿತು, ‘ತೋಪು’ ಎಂದರೆ ಮುಗಿಯಿತು. ಇವೆರಡರ ಬಗ್ಗೆ ನನ್ನ ತಕರಾರಿಲ್ಲ. ಸಿಟ್ಟು ಬರುವುದು ಮೂರನೆಯ ಉತ್ತರದ ಮೇಲೆ: ‘ಒಂದ್ಸಲ ನೋಡಬೋದು.’ ಎರಡೂವರೆ ತಾಸು ಕತ್ತಲಲ್ಲಿ ಕೂತು ಬಂದ ಮನುಷ್ಯ ಹೇಳುವ ಮಾತೇ ಇದು? ನೋಡಿದ್ದು ಸಿನಿಮಾವನ್ನೋ ಅಥವಾ ಸಂಬಂಧ ಕುದುರಿಸಲು ಹೋಗಿ ಹುಡುಗಿಯನ್ನೋ!

ಅದೃಷ್ಟಕ್ಕೆ ನಮ್ಮೂರಿನಲ್ಲಿ ಮಂಡಕ್ಕಿ ಇದೆ. ಬರೀ ಮಂಡಕ್ಕಿಯಲ್ಲ, ಹೆಸರಿನಲ್ಲೇ ಸಿನಿಮಾ ಇಟ್ಟುಕೊಂಡ ನರ್ಗಿಸ್ ಮಂಡಕ್ಕಿ. ಸಂಜೆ ರಾಮ್ ಅಂಡ್ ಕೋ ಸರ್ಕಲ್ಲಿನ ಕಡೆ ಒಂದು ಪ್ಲೇಟು ಮಂಡಕ್ಕಿ, ಬಿಸಿ ಮಿರ್ಚಿ ಕೈಗೆ ಬಂದರೆ, ‘ಒಂದ್ಸಲ ನೋಡಬೋದು’ ಅಂದವನೂ ಬಾಯಿ ಬಿಡುತ್ತಾನೆ. ಮಿರ್ಚಿಯ ಖಾರ ನೆತ್ತಿಗೇರಿದ ಮೇಲೆ ಸುಳ್ಳು ಹೇಳುವುದು ಕಷ್ಟ.

ಬಹುಶಃ ಕನ್ನಡದ ಅತಿ ಚಿಕ್ಕ ಸಿನಿಮಾ ವಿಮರ್ಶೆ ಮಾಡಿದವರೂ ನಮ್ಮ ಕಡೆ ಹುಟ್ಟಿದವರೇ. ಕಾದಂಬರಿಕಾರ ತ.ರಾ.ಸು. ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ, 1920ರಲ್ಲಿ. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರೂ ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಸಿನಿಮಾ ಮಾಡಿದರು. ಜನ ಮುಗಿಬಿದ್ದು ನೋಡಿದರು. ಕಾದಂಬರಿಕಾರರು ಮಾತ್ರ ನೋಡಿ, ಇದು ನಾಗರಹಾವಲ್ಲ, ಕೇರೆಹಾವು ಎಂದುಬಿಟ್ಟರಂತೆ. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಸಿನಿಮಾದಲ್ಲಿ ಕಾಣುವ ದುರ್ಗದ ಕೋಟೆ ನಮ್ಮದು, ಕಥೆ ನಮ್ಮದು, ಜಗಳವೂ ನಮ್ಮದೇ. ಐವತ್ತು ವರ್ಷ ದಾಟಿದರೂ ಆ ಜಗಳ ಮುಗಿದಿಲ್ಲ. ಕಾದಂಬರಿ ಓದಿದವರು ತ.ರಾ.ಸು. ಕಡೆ, ತೆರೆಯ ಮೇಲೆ ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ಕಂಡವರು ಪುಟ್ಟಣ್ಣನವರ ಕಡೆ. ನಾನು ಮೇಷ್ಟ್ರ ಕಡೆ. ಆದರೂ ಆ ಕೇರೆಹಾವಿನ ಮಾತಿಗೆ ತಲೆಬಾಗುತ್ತೇನೆ. ಅಪ್ಪಿತಪ್ಪಿ ತ.ರಾ.ಸು. ‘ಒಂದ್ಸಲ ನೋಡಬಹುದು’ ಎಂದಿದ್ದರೆ ಇವತ್ತು ಯಾರು ನೆನೆಯುತ್ತಿದ್ದರು?

ನಮ್ಮ ಓಣಿಯ ಹಿರಿಯರೊಬ್ಬರು ಸಿನಿಮಾ ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬೆಳೆದ ಕಿವಿ ಅದು. ಚಿಂದೋಡಿ ಲೀಲಾ ಅವರ ‘ಪೊಲೀಸನ ಮಗಳು’ ನಾಟಕದ ಸುದ್ದಿ ತೆಗೆದರೆ ಮಿರ್ಚಿ ತಣ್ಣಗಾಗುವವರೆಗೂ ನಿಲ್ಲಿಸುವುದಿಲ್ಲ. ಅದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ 1995ರ ಸಾಲಿನಲ್ಲಿ ಹಂಸಲೇಖರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತಲ್ಲ, ಅದಾದ ಮೇಲೆ ಬಂದ ಹಾಡುಗಳೆಲ್ಲ ನಮ್ಮ ಹಿರಿಯರ ಲೆಕ್ಕದಲ್ಲಿ ಬರೀ ಗದ್ದಲ. ಹೊಸ ನಾಯಕರ ಬಗ್ಗೆ ಅವರದು ಒಂದೇ ದೂರು: ‘ಈ ಹುಡುಗನ ಮಾತು ಹಿಂದ್ಲ ಬೆಂಚಿಗೆ ಮುಟ್ಟಂಗಿಲ್ಲ ಬಿಡಪ್ಪಾ.’ ಗೋಡೆಗೋಡೆಗೂ ಸ್ಪೀಕರ್ ಹಾಕಿದ ಮಾಲಿನ ಟಾಕೀಸಿನಲ್ಲಿ ಕೂತು ಹೇಳುವ ಮಾತಿದು! ನಕ್ಕೆವು ನಿಜ. ಆದರೆ ಗೊಣಗುವುದನ್ನೇ ಸಹಜಾಭಿನಯ ಅಂದುಕೊಂಡ ನಟರನ್ನು ನೋಡುವಾಗೆಲ್ಲ ಆ ಹಿಂದಿನ ಬೆಂಚು ನನಗೂ ನೆನಪಾಗುತ್ತದೆ.

ಹರಿಹರದ ಗೆಳೆಯನ ತಕ್ಕಡಿಯೇ ಬೇರೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ಲೇತ್ ಮೇಲೆ ಕೆಲಸ ಮಾಡಿದವನು. ತೆರೆಯ ಮೇಲೆ ಯಾರೇ ಬರಲಿ, ಮೊದಲು ಕೈ ನೋಡುತ್ತಾನೆ. ನಾಯಕ ಮೆಕ್ಯಾನಿಕ್ ಆಗಿದ್ದರಂತೂ ಮುಗಿಯಿತು. ‘ಗ್ರೀಸ್ ಕೆನ್ನೆಗೆ ಹತ್ತೈತಿ, ಉಗುರಿಗೆ ಹತ್ತಿಲ್ಲ ನೋಡು’ ಎಂದು ಮೊಣಕೈಯಲ್ಲಿ ತಿವಿಯುತ್ತಾನೆ. ತುಂಬುತೋಳಿನ ಅಂಗಿ, ಮುಂಗೈಗೆ ಕಡಗ ಹಾಕಿಕೊಂಡು ತಿರುಗುವ ಯಂತ್ರದ ಮುಂದೆ ನಿಂತ ನಾಯಕನನ್ನು ಕಂಡು, ‘ಕೈ ಉಳಿತೈತೇನೋ ಇವಂದು?’ ಎಂದು ನಿಜವಾಗಿಯೂ ಗಾಬರಿಯಾದ. ಇಂಥವನು ಬಾಯಿತುಂಬ ಹೊಗಳಿದ್ದು ಎರಡೇ ಚಿತ್ರ. ಒಂದು ರಾಮ್ ರೆಡ್ಡಿಯವರ ‘ತಿಥಿ’, ಅದರಲ್ಲಿ ಮಂಡ್ಯ ಸೀಮೆಯ ಊರಿನವರೇ ಪಾತ್ರವಾಗಿದ್ದಾರೆ. ಇನ್ನೊಂದು 2024ರ ‘ಶಾಖಾಹಾರಿ’. ತೀರ್ಥಹಳ್ಳಿ ಕಡೆಯ ಸಣ್ಣ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು ಒಲೆಯ ಮುಂದೆ ನಿಂತ ರೀತಿಗೇ ಗೆಳೆಯ ಸೋತ. ಕಟ್ಟಿಗೆ ಒಲೆಯ ಮುಂದೆ ಬೆವರು ಸುರಿಸುತ್ತ ಬೆಣ್ಣೆದೋಸೆ ಹೊಯ್ಯುವವರನ್ನು ದಿನಾ ನೋಡುವವರು ನಾವು. ಆ ನಿಲುವಿನಲ್ಲಿ ನಟನೆ ಎಷ್ಟು, ರೂಢಿ ಎಷ್ಟು ಎಂಬುದು ನಮಗೆ ಬೇಗ ತಿಳಿಯುತ್ತದೆ. ಕೈಯ ಸುಳ್ಳನ್ನು ಹಿಡಿಯುವ ಇಂಥ ವಿಮರ್ಶಕ ನೂರು ಸ್ಟಾರ್ ರೇಟಿಂಗುಗಳಿಗಿಂತ ಮೇಲು.

2025ರ ಜುಲೈನಲ್ಲಿ ಬಂದ ‘ಸು ಫ್ರಂ ಸೋ’ ಗೆದ್ದದ್ದು ಇಂಥ ಬಾಯಿಮಾತಿನಿಂದಲೇ. ಜೆ.ಪಿ. ತುಮಿನಾಡು ಅವರಿಗೆ ಕನ್ನಡ ಸಿನಿಮಾ ನಿರ್ದೇಶನ ಹೊಸದು, ದೊಡ್ಡ ಸ್ಟಾರೂ ಇರಲಿಲ್ಲ. ನೋಡಿದವರು ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಮತ್ತೆ ಹೋದರು, ಆಟಗಳು ಹೆಚ್ಚಿದವು. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಳೆಂದು ಊರೇ ನಂಬುವುದು, ರವಿಯಣ್ಣ ಮುಂದಾಳಾಗಿ ಓಡಾಡುವುದು, ಅದರ ನಡುವೆ ರಾಜ್ ಬಿ. ಶೆಟ್ಟಿಯವರ ಕರುಣಾಕರ ಗುರೂಜಿ. ಕರಾವಳಿಯ ‘ಎಂತ ಮಾರಾಯ’ಕ್ಕೆ ನಮ್ಮ ‘ಐತಿ’ ಜನ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮಂಗಳೂರಿನ ಮಾತಿಗೆ ಸಿನಿಮಾ ಸಿಕ್ಕಿತು, ಮಂಡ್ಯದ ಮಾತಿಗೆ ಎಂದೋ ಸಿಕ್ಕಿದೆ. ಅತ್ತ ಧಾರವಾಡವೂ ಅಲ್ಲ, ಇತ್ತ ಮೈಸೂರೂ ಅಲ್ಲದ ನಮ್ಮ ನಡುಸೀಮೆಯ ಮಾತು ತೆರೆಗೆ ಬಂದರೆ ಬಹುಪಾಲು ನಗಿಸುವವನ ಬಾಯಲ್ಲೇ ಬರುತ್ತದೆ. ಅಳುವವನ ಬಾಯಲ್ಲಿ, ಪ್ರೀತಿಸುವವಳ ಬಾಯಲ್ಲಿ ಅಪರೂಪ. ಇದು ನನ್ನ ದೂರು, ಮಂಡಕ್ಕಿ ಅಂಗಡಿಯ ಸಭೆಯೂ ಇದನ್ನು ಒಪ್ಪಿದೆ. ನಾಟಕ ನೋಡಿ ಬೆಳೆದ ಹಿರಿಯರದೊಂದು ತಿದ್ದುಪಡಿ ಮಾತ್ರ ಉಂಟು: ಬಂದರೆ ಹಿಂದಿನ ಬೆಂಚಿಗೂ ಕೇಳಿಸುವಂತೆ ಬರಲಿ.

‘ಶಾಖಾಹಾರಿ’ ಇನ್ನೂ ನೋಡಿರದಿದ್ದರೆ ನೋಡಿ. ಆಮೇಲೆ ದಾವಣಗೆರೆ ಕಡೆ ಬಂದಾಗ ನಿಮ್ಮ ಅಭಿಪ್ರಾಯ ಹೇಳಿ, ಜಗಳವಾಡೋಣ. ನೋಡುವ ಮುಂಚೆ ಮಾತ್ರ ನಮ್ಮೂರಿನ ಗಾಡಿ ಸ್ಟ್ಯಾಂಡಿನ ಹತ್ತಿರ ಸುಳಿಯಬೇಡಿ. ಕೇಳದಿದ್ದರೂ ಕ್ಲೈಮ್ಯಾಕ್ಸ್ ಹೇಳಿಯೇ ಕಳಿಸುತ್ತಾರೆ.