ನಡುಗ್ತಾ ಇಳೀತೋ, ಮೆತ್ತಗೆ ಇಳೀತೋ?

ಸಣ್ಣ ಪಿಸ್ಟನ್ ವಿಮಾನದ ಎಂಜಿನ್ನಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಮ್ಯಾಗ್ನೆಟೊ. ಎರಡು ಕೈಯಲ್ಲಿ ಎತ್ತಿ ಹಿಡಿಯಬಹುದಾದ ಪೆಟ್ಟಿಗೆ ಅದು. ಒಳಗೆ ತಿರುಗುವ ಆಯಸ್ಕಾಂತ, ತಾಮ್ರದ ಸುರುಳಿ, ತೆರೆದು ಮುಚ್ಚುವ ಪುಟ್ಟ ಪಾಯಿಂಟ್, ಒಂದು ಕಂಡೆನ್ಸರ್, ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಇಷ್ಟೇ. ಬ್ಯಾಟರಿಯ ಹಂಗಿಲ್ಲ. ಆಕಾಶದಲ್ಲಿ ವಿಮಾನದ ವಿದ್ಯುತ್ತೆಲ್ಲ ಸತ್ತರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಮ್ಯಾಗ್ನೆಟೊ ಕಿಡಿ ಕೊಡುತ್ತಲೇ ಇರುತ್ತದೆ. 1902ರಲ್ಲಿ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೊಲ್ಡ್ ರೂಪಿಸಿದ ಹೈ-ಟೆನ್ಷನ್ ಮ್ಯಾಗ್ನೆಟೊದ ತತ್ತ್ವವೇ ಇವತ್ತಿನ ಸೆಸ್ನಾದಲ್ಲೂ ಕೆಲಸ ಮಾಡುತ್ತಿದೆ. ಮೊಬೈಲು ಎರಡೇ ವರ್ಷಕ್ಕೆ ಹಳತಾಗುವ ಈ ಕಾಲದಲ್ಲಿ ಇದನ್ನು ನೆನೆದರೆ ನನಗೆ ಗೌರವವೇ ಮೂಡುತ್ತದೆ.

ವಿಮಾನದಲ್ಲಿ ಇಂಥವು ಎರಡು ಇರುತ್ತವೆ. ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್, ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್ ಒಂದೊಂದು ಮ್ಯಾಗ್ನೆಟೊದ ಪಾಲು. ಹಳೆಯ ಸೆಸ್ನಾ 172ರಲ್ಲಿ ಟೇಕಾಫಿಗೆ ಮೊದಲು ಎಂಜಿನ್ನನ್ನು 1,700 ಆರ್‌ಪಿಎಂಗೆ ಏರಿಸಿ, ಕೀಲಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ ನೋಡುತ್ತೇವೆ. ಒಂದೇ ಪ್ಲಗ್ ಹೊತ್ತಿಸಿದಾಗ ಬೆಂಕಿ ಸಿಲಿಂಡರಿನ ತುಂಬ ಹರಡುವುದು ತಡವಾಗುತ್ತದೆ, ಹಾಗಾಗಿ ಆರ್‌ಪಿಎಂ ಸ್ವಲ್ಪ ಇಳಿಯುತ್ತದೆ. ಆ ಇಳಿತ 125 ದಾಟಬಾರದು. ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಮೀರಿದಾಗ ವಿಮಾನ ಹ್ಯಾಂಗರಿನ ಮುಂದೆ ಬಂದು ನಿಲ್ಲುತ್ತದೆ. "ಸರ್, ಎಡಗಡೆ ಮ್ಯಾಗ್ ಡ್ರಾಪ್ ಜಾಸ್ತಿ ಬರ್ತಿದೆ" ಎನ್ನುತ್ತಾನೆ ತರಬೇತಿಯ ಹುಡುಗ. ನಾನು ಎಷ್ಟು ಡ್ರಾಪ್ ಎಂದು ಮೊದಲಿಗೆ ಕೇಳುವುದೇ ಇಲ್ಲ. "ನಡುಗ್ತಾ ಇಳೀತೋ, ಮೆತ್ತಗೆ ಇಳೀತೋ ಹೇಳಪ್ಪ" ಎನ್ನುತ್ತೇನೆ. ಅರ್ಧ ರೋಗನಿರ್ಣಯ ಅವನ ಉತ್ತರದಲ್ಲೇ ಇರುತ್ತದೆ. ನಡುಗುತ್ತಾ ಇಳಿದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಬಿಟ್ಟಿದೆ: ಪ್ಲಗ್ ಮಸಿಗಟ್ಟಿದೆ, ಇಲ್ಲವೇ ತಂತಿಯಲ್ಲಿ ಸೋರಿಕೆ ಇದೆ. ನಡುಕವಿಲ್ಲದೆ ಮೆತ್ತಗೆ ಇಳಿದರೆ ಎಲ್ಲ ಸಿಲಿಂಡರುಗಳೂ ಒಟ್ಟಿಗೆ ತಡವಾಗಿ ಹೊತ್ತಿಕೊಳ್ಳುತ್ತಿವೆ, ಟೈಮಿಂಗ್ ಹಿಂದೆ ಬಿದ್ದಿದೆ. ಗಾಳಿ-ಇಂಧನದ ಮಿಕ್ಸ್ಚರ್ ತೀರಾ ರಿಚ್ ಆಗಿದ್ದರೂ, ಅಂದರೆ ಇಂಧನ ಹೆಚ್ಚಾಗಿದ್ದರೂ, ಹೀಗಾಗುವುದುಂಟು. ಡ್ರಾಪ್ ಸ್ವಲ್ಪವೂ ಬರದಿದ್ದರೆ ಹುಡುಗರು ಖುಷಿಪಡುತ್ತಾರೆ. ನನಗೆ ಭಯವಾಗುವುದು ಆಗಲೇ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಇಂಧನವಾದ 100ಎಲ್‌ಎಲ್‌ನಲ್ಲಿ ಸೀಸ ಇದೆ. ಅದು ಕೆಳಗಿನ ಪ್ಲಗ್ಗುಗಳಲ್ಲಿ ಸಣ್ಣ ಬೂದು ಮಣಿಗಳಾಗಿ ಕೂರುತ್ತದೆ. ಹೆಚ್ಚಿನ ದೂರುಗಳು ಇಲ್ಲೇ ಮುಗಿಯುತ್ತವೆ. ಇಂಧನ ಕಡಿಮೆ ಮಾಡಿ ಮಿಕ್ಸ್ಚರನ್ನು ಲೀನ್ ಮಾಡಿ, ಆರ್‌ಪಿಎಂ ಏರಿಸಿ, ಸ್ವಲ್ಪ ಹೊತ್ತು ಓಡಿಸಿದರೆ ಪ್ಲಗ್ ತನ್ನಷ್ಟಕ್ಕೇ ಸುಟ್ಟುಕೊಂಡು ಶುದ್ಧವಾಗುತ್ತದೆ.

ಆಗದಿದ್ದಾಗಲೇ ಈ ಕೆಲಸದ ರುಚಿ. ಮಳೆಗಾಲದ ಒಂದು ಬೆಳಿಗ್ಗೆ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲಿ ಬಂದ ದೂರು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಕೌಲಿಂಗ್ ಬಿಚ್ಚಿ, ತಣ್ಣಗಿದ್ದ ಎಂಜಿನ್ನನ್ನು ಕೆಟ್ಟ ಮ್ಯಾಗ್ನೆಟೊ ಒಂದರಲ್ಲೇ ಸ್ವಲ್ಪ ಓಡಿಸಿ, ಮಿಕ್ಸ್ಚರ್ ಎಳೆದು ನಿಲ್ಲಿಸಿದೆವು. ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು, ಆದರೂ ನನಗೆ ನೀರಿನ ಹನಿಯೇ ಇಷ್ಟ. ಒಂದು, ಎರಡು, ನಾಲ್ಕನೆಯ ಸಿಲಿಂಡರಿನ ಎಕ್ಸಾಸ್ಟ್ ಪೈಪಿನ ಮೇಲೆ ಹನಿ ಚುರ್ರೆಂದು ಆರಿಹೋಯಿತು. ಮೂರನೆಯದರ ಮೇಲೆ ಹನಿ ಹಾಗೇ ಜಾರಿ ಕೆಳಗಿಳಿಯಿತು. ಕೆಲಸ ಬಿಟ್ಟವನು ಸಿಕ್ಕಿದ. ಪ್ಲಗ್ ಬಿಚ್ಚಿದರೆ ಅದರಲ್ಲಿ ಅಂಥ ಕೊಳೆಯೇನೂ ಇಲ್ಲ. ಮೀಟರ್ ಹಿಡಿದರೆ ರೆಸಿಸ್ಟೆನ್ಸ್ 5,000 ಓಮ್‌ಗಿಂತ ಕಡಿಮೆ, ಅಂದರೆ ಸರಿಯಾಗೇ ಇದೆ. ಇಲ್ಲಿ ಆತುರಪಡುವವರು ಹೊಸ ಪ್ಲಗ್ ಹಾಕುತ್ತಾರೆ. ನಾವು ಅದನ್ನು ಒಂದನೆಯ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತಂದು ಮತ್ತೆ ಓಡಿಸಿದೆವು. ದೋಷ ಪ್ಲಗ್ಗಿನದಾಗಿದ್ದರೆ ಅದರ ಜೊತೆಗೇ ಒಂದನೆಯದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮೂರನೆಯದೇ ತಣ್ಣಗಿತ್ತು. ಹಾಗಾದರೆ ಉಳಿದದ್ದು ಪ್ಲಗ್ಗಿಗೆ ಬರುವ ತಂತಿ, ಅಂದರೆ ಲೀಡ್, ಇಲ್ಲವೇ ಡಿಸ್ಟ್ರಿಬ್ಯೂಟರ್. ಲೀಡನ್ನು ಪ್ಲಗ್ಗಿನಿಂದ ಮ್ಯಾಗ್ನೆಟೊವರೆಗೆ ಬೆರಳಲ್ಲಿ ತಡವುತ್ತ ಹೋದಾಗ, ಬ್ಯಾಫಲ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹೊರಗಿನ ಲೋಹದ ಹೆಣಿಗೆ ಸವೆದಿದ್ದ ಜಾಗ ಬೆರಳಿಗೆ ಸಿಕ್ಕಿತು. ಟೆಸ್ಟರ್ ಹಚ್ಚಿದರೆ ಕಿಡಿ ಅಲ್ಲೇ ಸೋರುತ್ತಿತ್ತು. ಆ ಕ್ಷಣದ ಸುಖವನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ.

ಟೈಮಿಂಗ್ ಹೊಂದಿಸುವ ಕೆಲಸದ ಸೊಗಸೇ ಬೇರೆ. ಮೇಲಿನ ಪ್ಲಗ್ಗುಗಳನ್ನು ಬಿಚ್ಚಿ, ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಬೇಕು. ಒಳಗಿನ ಗಾಳಿ ಹೆಬ್ಬೆರಳನ್ನು ಹೊರಗೆ ತಳ್ಳಿತೆಂದರೆ ಅದು ಕಂಪ್ರೆಷನ್. ಲೈಕಮಿಂಗ್ ಎಂಜಿನ್ನಿನ ರಿಂಗ್ ಗೇರಿನ ಮೇಲೆ 25 ಡಿಗ್ರಿಯ ಗುರುತಿರುತ್ತದೆ, ಅದು ಸ್ಟಾರ್ಟರಿನ ಪುಟ್ಟ ರಂಧ್ರಕ್ಕೆ ಸರಿಯಾಗಿ ಬರಬೇಕು. ಗೇರುಗಳ ಸಡಿಲ ಕಳೆಯಲು ಗುರುತಿಗಿಂತ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಪ್ರೊಪೆಲ್ಲರ್ ತಿರುಗಿಸುವಾಗ ಮ್ಯಾಗ್ನೆಟೊದ ಇಂಪಲ್ಸ್ ಕಪ್ಲಿಂಗ್ ಹಳೇ ಬಾಗಿಲಿನ ಚಿಲಕ ಬಿದ್ದ ಹಾಗೆ 'ಟಕ್' ಎನ್ನುತ್ತದೆ. ಮ್ಯಾಗ್ನೆಟೊವನ್ನು ಕೂದಲೆಳೆಯಷ್ಟು ಹೊರಳಿಸುತ್ತ ಟೈಮಿಂಗ್ ಲೈಟ್ ನೋಡುತ್ತಿದ್ದರೆ, ಪಾಯಿಂಟ್ ತೆರೆಯುವ ಕ್ಷಣಕ್ಕೆ ಸರಿಯಾಗಿ ದೀಪ ಬದಲಾಗುತ್ತದೆ. ಪಾಯಿಂಟನ್ನು ಎತ್ತುವ ಫೈಬರ್ ತುಂಡು ಸವೆದಂತೆ ಟೈಮಿಂಗ್ ಹಿಂದೆ ಬೀಳುತ್ತದೆ, ಪಾಯಿಂಟೇ ಸವೆದರೆ ಮುಂದೆ ಹೋಗುತ್ತದೆ. 500 ಗಂಟೆಗೊಮ್ಮೆ ಮ್ಯಾಗ್ನೆಟೊ ಬಿಚ್ಚಿ ನೋಡಬೇಕೆನ್ನುವುದು ಇದಕ್ಕೇ. ಆ ಖರ್ಚನ್ನು ಮುಂದೂಡುವ ಮಾಲೀಕರ ವಾದ ನನಗೆಂದೂ ಒಪ್ಪಿಗೆಯಾಗಿಲ್ಲ.

ಇನ್ನು ಡ್ರಾಪ್ ಇಲ್ಲದ ಮ್ಯಾಗ್ನೆಟೊ. ಕೀಲಿಯನ್ನು ಆಫ್ ಮಾಡಿದಾಗ ಮ್ಯಾಗ್ನೆಟೊ ನಿಲ್ಲುವುದು ಪಿ-ಲೀಡ್ ಎಂಬ ಒಂದೇ ತಂತಿಯ ಮೂಲಕ ಅದರ ಕರೆಂಟು ಗ್ರೌಂಡ್ ಆಗುವುದರಿಂದ. ಆ ತಂತಿ ತುಂಡಾದರೆ ಕೀಲಿ ಎಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ನಿಂತ ವಿಮಾನದ ಪ್ರೊಪೆಲ್ಲರನ್ನು ಯಾರಾದರೂ ಕೈಯಿಂದ ತಿರುಗಿಸಿದರೆ, ಸಿಲಿಂಡರಿನಲ್ಲಿ ಉಳಿದ ಇಂಧನ ಹೊತ್ತಿಕೊಳ್ಳಲು ಅಷ್ಟೇ ಸಾಕು. ಅದಕ್ಕೇ ಎಂಜಿನ್ ನಿಲ್ಲಿಸುವ ಮುಂಚೆ ಐಡಲಿನಲ್ಲಿ ಕೀಲಿಯನ್ನು ಒಂದು ಕ್ಷಣ ಆಫ್ ಮಾಡಿ, ಎಂಜಿನ್ ಸಾಯಹೊರಟಿತೇ ಎಂದು ನೋಡಿ. ಫೋಟೊ ತೆಗೆಸಿಕೊಳ್ಳಲು ಬರುವವರಿಗೂ ಹೊಸದಾಗಿ ಕಲಿಯಲು ಬಂದವರಿಗೂ ನನ್ನ ಕೋರಿಕೆ ಒಂದೇ: ಕೀಲಿ ನಿಮ್ಮ ಜೇಬಿನಲ್ಲೇ ಇದ್ದರೂ ಪ್ರೊಪೆಲ್ಲರನ್ನು ಮುಟ್ಟಬೇಡಿ, ಅದು ತಿರುಗುವ ವೃತ್ತದೊಳಗೆ ನಿಲ್ಲಬೇಡಿ.