ಲೆಕ್ಕದ ಯಂತ್ರದ ಸೋಗು

ಸೋಗು ಹಾಕುವ ವಿದ್ಯೆಯು ಬೆಳಗಾವಿ ಸೀಮೆಯವರಿಗೆ ಹೊಸದಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದುಬಂದ ಶ್ರೀಕೃಷ್ಣ ಪಾರಿಜಾತವನ್ನು ಇರುಳೆಲ್ಲ ಕುಳಿತು ನೋಡಿದವರಿಗೆ ಒಂದು ಸಂಗತಿಯು ಚೆನ್ನಾಗಿ ಗೊತ್ತು: ಬಣ್ಣ ಬಳಿದು ಕಿರೀಟವಿಟ್ಟ ಮಾತ್ರಕ್ಕೆ ಯಾರೂ ಕೃಷ್ಣನಾಗುವದಿಲ್ಲ, ಪದವೂ ಮಾತೂ ಕಂಠಗತವಾಗಿರಬೇಕು, ಸತ್ಯಭಾಮೆಯು ಕೆಣಕಿದರೆ ಕೃಷ್ಣನೇ ಉತ್ತರ ಕೊಟ್ಟಂತಿರಬೇಕು. ಇಂದು ಮೊಬೈಲು ಫೋನು ಹಾಕುತ್ತಿರುವ ಹೊಸ ಸೋಗೊಂದನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಅದು ಆಲೇಖ ಬರೆಯುವ ಹಳೆಯ ಕ್ಯಾಲ್ಕುಲೇಟರಿನ ಸೋಗು.

೧೯೮೫ರಲ್ಲಿ ಜಪಾನಿನ ಕ್ಯಾಸಿಯೋ ಕಂಪನಿಯು ಹೊರತಂದ ಎಫ್‌ಎಕ್ಸ್-೭೦೦೦ಜಿ ಎಂಬುದು ಈ ಜಾತಿಯಲ್ಲಿ ಮೊದಲನೆಯದು. ಸಮೀಕರಣವನ್ನು ಕೊಟ್ಟರೆ ಅದರ ಗೆರೆಯನ್ನು ಪುಟ್ಟ ತೆರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬರೆದು ತೋರಿಸುವದೇ ಅದರ ಹೆಚ್ಚುಗಾರಿಕೆ. ೧೯೯೦ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಐ-೮೧ ಬಂದಿತು. ಅದೇ ವರುಷ ಹ್ಯೂಲೆಟ್-ಪ್ಯಾಕಾರ್ಡಿನ ೪೮ರ ಮಾಲೆಯೂ ಮೊದಲಾಯಿತು. ಅಮೇರಿಕೆಯ ಶಾಲೆಗಳಲ್ಲಿ ಇಂಥವು ಹುಡುಗರ ಚೀಲದ ಸಾಮಾನ್ಯ ವಸ್ತುಗಳಾದವು. ನಮ್ಮ ಕಡೆಗೆ ಮಾತ್ರ ಬೆಲೆಯೂ ಪರೀಕ್ಷೆಯ ನಿಯಮಗಳೂ ಅಡ್ಡಬಂದವು. ಇಲ್ಲಿಯ ಹುಡುಗರು ಗ್ರಾಫಿನ ಹಾಳೆ, ಸೀಸದ ಕಡ್ಡಿ, ಲಾಗ್ ಕೋಷ್ಟಕ ಇವುಗಳಿಂದಲೇ ಕೆಲಸ ಸಾಗಿಸಿದರು.

ಈ ಯಂತ್ರವನ್ನು ಫೋನಿನಲ್ಲಿ ಎಬ್ಬಿಸುವ ಬಗೆ ಎರಡು. ಗುಂಡಿಗಳ ಚಿತ್ರವನ್ನು ಬರೆದು, ಒಳಗಿನ ಲೆಕ್ಕವನ್ನು ಫೋನಿನ ಸ್ವಂತ ರೀತಿಯಿಂದ ಮಾಡುವದು ಒಂದು. ಇದು ಬರಿಯ ಬಣ್ಣ-ಕಿರೀಟ. ಎಮ್ಯುಲೇಟರು ಎಂಬ ಎರಡನೆಯದರಲ್ಲಿ, ಹಳೆಯ ಯಂತ್ರದ ಪ್ರೊಸೆಸರು ಯಾವ ಆಜ್ಞೆಗೆ ಏನು ಮಾಡುತ್ತಿದ್ದಿತೋ ಅದನ್ನೇ ಫೋನು ಒಂದೊಂದಾಗಿ ಮಾಡುತ್ತ ಹೋಗುವದು. ಆ ಆಜ್ಞೆಗಳು ಯಂತ್ರದ ರೋಮ್ ಎಂಬ ಭಾಗದಲ್ಲಿ ಕಾಯಮ್ಮಾಗಿ ಬರೆದಿಟ್ಟವು. ಅದೇ ನಾಟಕದ ಹೊತ್ತಿಗೆ. ಹೊತ್ತಿಗೆಗೆ ಒಡೆಯರುಂಟು. ಹ್ಯೂಲೆಟ್-ಪ್ಯಾಕಾರ್ಡಿನವರು ೨೦೦೦ದಲ್ಲಿ ೪೮ರ ಹೊತ್ತಿಗೆಯನ್ನು ಎಮ್ಯುಲೇಟರುಗಳ ಉಪಯೋಗಕ್ಕೆ ಬಿಟ್ಟುಕೊಟ್ಟರು. ಸೆಬಾಸ್ಟಿಯನ್ ಕಾರ್ಲಿಯೆ ಎಂಬವರು ವಿಂಡೋಸ್ ಗಣಕಗಳಿಗಾಗಿ ಆರಂಭಿಸಿದ ಎಮ್ಯು೪೮ ಎಂಬ ಕೃತಿಯು ಮುಂದೆ ಅನ್ಯರ ಕೈಯಿಂದ ಆಂಡ್ರಾಯ್ಡ್ ಫೋನಿಗೂ ಬಂದಿತು.

ಕಲ್ಲೋಳಿಯ ಓರ್ವ ಗಣಿತದ ಮಾಸ್ತರರಲ್ಲಿ ಪರದೇಶದಿಂದ ಅಕ್ಕನ ಮಗನು ತಂದುಕೊಟ್ಟ ೪೮ಜಿ ಯಂತ್ರವೊಂದಿದ್ದಿತು. ೧೯೯೩ರಲ್ಲಿ ಹೊರಬಂದ ಮಾದರಿಯದು. ಬ್ಯಾಟರಿಯ ರಸವು ಸೋರಿ ಒಳಗೆಲ್ಲ ಹಸಿರುಗಟ್ಟಿತು. ವರುಷಗಟ್ಟಲೆ ಅವರು ಅದರಲ್ಲಿ ಬರೆದಿಟ್ಟ ಚಿಕ್ಕಪುಟ್ಟ ಲೆಕ್ಕದ ವಿಧಾನಗಳು ಒಂದೇ ಸಲಕ್ಕೆ ಅಳಿದವು. ದುರಸ್ತಿ ಮಾಡುವವರು ಗೋಕಾಕದಲ್ಲಿಯೂ ಸಿಗಲಿಲ್ಲ, ಬೆಳಗಾವಿಯಲ್ಲಿಯೂ ಸಿಗಲಿಲ್ಲ. ಅದೇ ಯಂತ್ರವು ಫೋನಿನ ತೆರೆಯ ಮೇಲೆ ಕಂಡಾಗ ಅವರು ಮೊದಲು ಮಾಡಿದ್ದು ಗೋಕಾಕ ಜಲಪಾತದ ಲೆಕ್ಕ. ಜಲಪಾತದ ಎತ್ತರ ೫೨ ಮೀಟರು. ಮೇಲಿನಿಂದ ಬಿಟ್ಟ ಕಲ್ಲು ಕೆಳಗೆ ಮುಟ್ಟಲು ಎಷ್ಟು ಸೆಕೆಂಡು?

ಈ ಯಂತ್ರಕ್ಕೆ ಲೆಕ್ಕ ಹೇಳುವ ಕ್ರಮವೇ ಬೇರೆ. ಮೊದಲು ಅಂಕೆಗಳು, ಕಡೆಗೆ ಕ್ರಿಯೆ. ಪೋಲಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸಿಯೇವಿಚ್ ಎಂಬವನು ಕ್ರಿಯೆಯ ಗುರುತನ್ನು ಅಂಕೆಗಳ ಮುಂದಿಡುವ ಪದ್ಧತಿಯನ್ನು ಹೂಡಿದನು. ಇದು ಅದರ ತಿರುಗುಮುರುಗು. ಇಂಗ್ಲಿಷು ವಾಕ್ಯಕ್ಕೆ ಒಗ್ಗಿದವರಿಗೆ ಇದು ವಿಚಿತ್ರವೆನಿಸುವದು. ಆದರೆ ಕ್ರಿಯಾಪದವನ್ನು ಕಡೆಗಿಟ್ಟು ಮಾತಾಡುವ ಕನ್ನಡಿಗನಿಗೆ ಇದು ಮನೆಯ ಮಾತು: “೫೨ನ್ನು ೪.೯ರಿಂದ ಭಾಗಿಸು, ವರ್ಗಮೂಲ ತೆಗೆ.” ಇದೇ ಸಾಲಿನಲ್ಲಿ ಗುಂಡಿ ಒತ್ತಿದರೆ ಸಾಕು, ಗಾಳಿಯ ತಡೆಯನ್ನು ಬಿಟ್ಟರೆ ಉತ್ತರ ಸುಮಾರು ೩.೨೬ ಸೆಕೆಂಡು.

ಮುಂದೆ ಆ ಬೀಳುವಿಕೆಯ ಆಲೇಖ. ಎಮ್ಯುಲೇಟರಿನಲ್ಲಿ ಹಳೆಯ ಯಂತ್ರದ ನಿಜವಾದ ವೇಗವನ್ನೇ ಇಟ್ಟುಕೊಳ್ಳಲು ಅನುಕೂಲವುಂಟು. ಮಾಸ್ತರರು ಹಾಗೆಯೇ ಇಟ್ಟಿದ್ದರು. ತೆರೆಯ ಅಗಲ ೧೩೧ ಚುಕ್ಕೆ. ಗೆರೆಯು ಎಡದಿಂದ ಬಲಕ್ಕೆ ತೆವಳತೊಡಗಿತು; ಕಲ್ಲು ಬೀಳುವ ಹೊತ್ತಿಗಿಂತ ಅದರ ಚಿತ್ರ ಮೂಡುವ ಹೊತ್ತೇ ಹೆಚ್ಚಾಯಿತು. ಮಗ್ಗುಲಲ್ಲಿದ್ದ ಹತ್ತನೆಯ ಇಯತ್ತೆಯ ಹುಡುಗಿಗೆ ತಾಳ್ಮೆ ತಪ್ಪಿತು.

“ಸರ್, ಇದು ಯಾಕ್ರೀ ಇಷ್ಟು ಸಾವಕಾಶ? ನಮ್ಮಣ್ಣನ ಫೋನಿನ್ಯಾಗ ಗೆರಿ ತಟ್ಟನೆ ಬರತೈತ್ರೀ.”

“ಬರತೈತವ್ವಾ. ಆದರ ಅದು ಹೆಂಗ ಬಂತು ಅನ್ನೂದು ಕಂಡೀಯೇನು?”

ಹುಡುಗಿಯ ಮಾತು ಸುಳ್ಳಲ್ಲ. ಜಿಯೋಜೆಬ್ರಾ, ಡೆಸ್ಮೋಸ್ ಮೊದಲಾದ ಹೊಸ ಸಾಧನಗಳು ಗೆರೆಯನ್ನು ಕಣ್ಣು ಮಿಟುಕಿಸುವದರೊಳಗೆ ಇಡಿಯಾಗಿ ತಂದಿಡುವವು. ನೂರು ಗೆರೆಗಳನ್ನು ಹೋಲಿಸಬೇಕಾದವನಿಗೆ ಅವೇ ಲೇಸು. ಆದರೆ ಸಾವಕಾಶವಾಗಿ ಮೂಡುವ ಗೆರೆಯಲ್ಲಿ ಬೇರೊಂದು ಕಾಣುವದು. ಮೇಲುಭಾಗದಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಬೀಳುವವು, ಕೆಳಗೆ ಬಂದಂತೆ ನಡುವಿನ ಇಳಿತವು ಹೆಚ್ಚುವದು. ಕಲ್ಲು ಮೊದಲ ಸೆಕೆಂಡಿನಲ್ಲಿ ಇಳಿಯುವದು ೪.೯ ಮೀಟರು, ಎರಡನೆಯದರಲ್ಲಿ ೧೪.೭, ಮೂರನೆಯದರಲ್ಲಿ ೨೪.೫, ಎಂದರೆ ಒಂದು, ಮೂರು, ಐದರ ಪ್ರಮಾಣ. ಗೆಲಿಲಿಯೋ ಕಂಡುಕೊಂಡ ಈ ನಿಯಮವು ಗೆರೆ ಮೂಡುವ ನಡಿಗೆಯಲ್ಲಿಯೇ ಕಾಣಸಿಗುವದು. ಒಮ್ಮೆಲೇ ಬಂದ ಗೆರೆಯಲ್ಲಿ ಅದನ್ನು ಹುಡುಕಿ ತೆಗೆಯಬೇಕು. ಗ್ರಾಫಿನ ಹಾಳೆಯ ಮೇಲೆ ಕೈಯಿಂದ ಚುಕ್ಕೆಯಿಟ್ಟವರಿಗೂ ಇದೇ ಪಾಠ ಸಿಕ್ಕಿದ್ದಿತು. ಹಳೆಯ ಯಂತ್ರದ ಕುಂದೆನಿಸಿಕೊಂಡ ಮಂದಗತಿಯೇ ಅದರ ಗುರುತನವಾಗಿದ್ದಿತು.

ಎಲ್ಲವೂ ಮರಳಿತೆಂದು ಹೇಳುವಂತಿಲ್ಲ. ಗಾಜಿನ ಮೇಲೆ ಗುಂಡಿಯ ಉಬ್ಬಿಲ್ಲ. ಕಣ್ಣಿನ ನೆರವಿಲ್ಲದೆ ಬೆರಳು ದಾರಿ ಕಾಣದು. ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ಎಮ್ಯುಲೇಟರು ಯಂತ್ರವನ್ನು ಮರಳಿ ಕೊಡುವದಲ್ಲದೆ, ಆ ಯಂತ್ರದೊಳಗೆ ಒಡೆಯನು ಬರೆದಿಟ್ಟುದನ್ನು ಕೊಡಲಾರದು. ಮಾಸ್ತರರ ವಿಧಾನಗಳು ಹೋದವು, ಹೋದವೇ. ನೆನಪಿದ್ದಷ್ಟನ್ನು ಅವರು ಮತ್ತೆ ಬರೆಯತೊಡಗಿದ್ದಾರೆ. ಈ ಸಲ ನೋಟುಬುಕ್ಕಿನಲ್ಲಿ ಮೊದಲು, ಯಂತ್ರದಲ್ಲಿ ಆಮೇಲೆ.

ಪರದೇಶದವರು ಈ ಎಮ್ಯುಲೇಟರನ್ನು ತೆರೆಯುವದು ತಮ್ಮ ಶಾಲೆಯ ದಿನಗಳ ನೆನಪಿಗಾಗಿ. ಕಲ್ಲೋಳಿಯ ಹುಡುಗಿಗೆ ಅಂಥ ನೆನಪಿಲ್ಲ. ಅವಳ ತಾಯಿತಂದೆಗಳು ಆ ಯಂತ್ರವನ್ನು ಕಣ್ಣಿಂದ ಕಂಡವರಲ್ಲ. ತಡವಾಗಿಯಾದರೂ, ಬಿಡಿಕಾಸಿನ ಖರ್ಚಿಲ್ಲದೆ, ಅದು ಅವಳ ಪಾಲಿಗೆ ಮೊದಲ ಸಲ ಬಂದಿದೆ. ಬಂದುದನ್ನು ಅವಸರಿಸದೆ ನೋಡಲು ಕಲಿಸುವವರೊಬ್ಬರು ಮಗ್ಗುಲಲ್ಲಿದ್ದರೆ, ತಡವಾದುದರಿಂದ ಆದ ನಷ್ಟ ದೊಡ್ಡದೇನಲ್ಲ.