ದಮ್ಮಿನ ವ್ಯಾಧಿಯನ್ನು ಕುರಿತು



ಅಸ್ತಮಾ ರೋಗಕ್ಕೆ ನಮ್ಮ ಸೀಮೆಯಲ್ಲಿ ‘ದಮ್ಮು’ ಎಂದು ಹೆಸರು. ರಾಮದುರ್ಗ ತಾಲೂಕಿನ ಸಾಲಹಳ್ಳಿಯ ಸುತ್ತಮುತ್ತ ಜೋಳದ ರಾಶಿಯ ಧೂಳು ಏಳುವ ದಿನಗಳಲ್ಲಿಯೂ, ಮೋಡ ಕವಿದು ಥಂಡಿ ಬೀಸುವ ದಿನಗಳಲ್ಲಿಯೂ ಈ ರೋಗದಿಂದ ಬಳಲುವ ಭಕ್ತರು ನಮ್ಮಲ್ಲಿಗೆ ಬರುವುದುಂಟು. ಕೆಲವರು ವಿಭೂತಿ ಬೇಡುತ್ತಾರೆ, ಕೆಲವರು ತಾಯಿತ ಬೇಡುತ್ತಾರೆ. ಇದು ಹಳ್ಳಿಯ ವ್ಯಾಧಿ ಮಾತ್ರವೆಂದು ತಾವು ತಿಳಿಯಬಾರದು. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಪರೀಕ್ಷಿಸಿ ಕೊಟ್ಟ ಲೆಕ್ಕದಂತೆ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು.

ಈ ವ್ಯಾಧಿಯ ಸ್ವರೂಪವೇನು? ನಮ್ಮ ಶ್ವಾಸನಾಳವು ಎದೆಯೊಳಗೆ ಎರಡಾಗಿ, ಎರಡು ನಾಲ್ಕಾಗಿ, ಮರದ ಕೊಂಬೆಗಳಂತೆ ಸುಮಾರು 23 ಸಲ ಕವಲೊಡೆಯುತ್ತದೆ. ಈ ಕೊಳವೆಗಳ ಗೋಡೆಯನ್ನು ಸ್ನಾಯುವಿನ ಎಳೆಗಳು ಸುತ್ತುವರಿದಿವೆ. ಕೈಕಾಲುಗಳ ಸ್ನಾಯುಗಳಂತೆ ಅವು ನಮ್ಮ ಇಚ್ಛೆಗೆ ಒಳಪಟ್ಟವಲ್ಲ. ದಮ್ಮಿನವರಲ್ಲಿ ಧೂಳು, ಹೊಗೆ, ನೆಗಡಿ, ತಂಪುಗಾಳಿ ಮೊದಲಾದವು ತಾಕಿದೊಡನೆ ಆ ಎಳೆಗಳು ಬಿಗಿದುಕೊಳ್ಳುತ್ತವೆ. ಕೊಳವೆಯ ಒಳವ್ಯಾಸವು ಅರ್ಧಕ್ಕಿಳಿದರೆ ಗಾಳಿಯ ಹರಿವಿಗೆ ಒದಗುವ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟಾಗುತ್ತದೆಂದು ಭೌತಶಾಸ್ತ್ರವು ಹೇಳುತ್ತದೆ. ಕಮ್ಮಾರನ ತಿದಿಯ ಬಾಯಿಯನ್ನು ಹಿಸುಕಿ ಹಿಡಿದರೆ ಹೇಗೋ ಹಾಗೆ, ಒಳಹೊಕ್ಕ ಗಾಳಿ ಹೊರಬರಲಾರದೆ ರೋಗಿಯು ಸುಂಯ್ ಸುಂಯ್ ಎಂದು ಏದುತ್ತಾನೆ.

ಈ ಬಿಗಿದ ಸ್ನಾಯುವನ್ನು ಸಡಿಲಿಸುವ ಯತ್ನ ಹಳೆಯದು. ಶಿವನಿಗೆ ಏರಿಸುವ ದತ್ತೂರಿಯ ಗಿಡದ ಹೊಗೆಯನ್ನು ಸೇದುವ ಚಿಕಿತ್ಸೆ ಭಾರತದಲ್ಲಿತ್ತು. ಅದರ ತಿಳಿವಳಿಕೆ 1802ರಲ್ಲಿ ಮದ್ರಾಸಿನಿಂದ ಬ್ರಿಟನ್ನಿಗೆ ತಲುಪಿತು. ಅದರಲ್ಲಿರುವ ಅಟ್ರೋಪಿನ್ ಸ್ನಾಯುವನ್ನು ಬಿಗಿಯುವ ನರದ ಸಂದೇಶವನ್ನು ತಡೆಯುತ್ತದೆ. ಆದರೆ ದತ್ತೂರಿ ಘೋರವಾದ ವಿಷ. ಅದನ್ನು ಯಾರೂ ಮನೆಯಲ್ಲಿ ಪ್ರಯೋಗಿಸಕೂಡದು. ಆ ಅಟ್ರೋಪಿನ್ನನ್ನೇ ಮಾರ್ಪಡಿಸಿ ಸಿದ್ಧಪಡಿಸಿದ ಇಪ್ರಾಟ್ರೋಪಿಯಮ್ ಎಂಬ ನಿರಪಾಯಕರ ಔಷಧವು ಇಂದು ವೈದ್ಯರ ಕೈಯಲ್ಲಿದೆ. 1969ರಲ್ಲಿ ಸಾಲ್ಬುಟಮಾಲ್ ಬಳಕೆಗೆ ಬಂದಿತು. ಅದು ಕೆಲವೇ ನಿಮಿಷಗಳಲ್ಲಿ ಸ್ನಾಯುವನ್ನು ಸಡಿಲಿಸಿ, ನಾಲ್ಕರಿಂದ ಆರು ತಾಸು ಉಸಿರಿಗೆ ಹಾದಿ ಮಾಡಿಕೊಡುತ್ತದೆ.

“ಪಂಪು ಬಲು ಕಡಕ್ ಔಷಧ, ಗುಳಿಗೆಯೇ ಲೇಸು” ಎಂಬ ಮಾತು ಜನರಲ್ಲಿ ಬೇರೂರಿದೆ. ವಾಸ್ತವವು ಇದಕ್ಕೆ ವಿಪರೀತವಾಗಿದೆ. ಸಾಲ್ಬುಟಮಾಲಿನ ಒಂದು ಗುಳಿಗೆಯಲ್ಲಿ 4 ಮಿಲಿಗ್ರಾಂ ಔಷಧವಿದ್ದರೆ, ಪಂಪಿನ ಒಂದು ಸಲದ ಸೇವನೆಯಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ಗುಳಿಗೆಯ 40ರಲ್ಲಿ ಒಂದು ಪಾಲು. ಗುಳಿಗೆಯು ದೇಹವೆಲ್ಲ ಸುತ್ತಿ ಎದೆಗೆ ಬರಬೇಕು. ಪಂಪಿನ ಔಷಧವು ನೇರವಾಗಿ ಬೇಕಾದೆಡೆಗೆ ಸೇರುತ್ತದೆ.

ಆದರೆ ಬಿಗಿದ ಸ್ನಾಯುವೇ ಸಮಸ್ತ ರೋಗವಲ್ಲ. ಕೊಳವೆಯ ಒಳಪದರವು ಬಾತು, ಲೋಳೆಯಿಂದ ತುಂಬಿರುತ್ತದೆ. ಈ ಬಾವಿನ ದೆಸೆಯಿಂದಲೇ ಸ್ನಾಯು ಮತ್ತೆ ಮತ್ತೆ ಕೆರಳುತ್ತದೆ. ಸಾಲ್ಬುಟಮಾಲ್ ಬಾವನ್ನು ಇಳಿಸಲಾರದು. ಅದಕ್ಕೆ 1972ರಲ್ಲಿ ಬಳಕೆಗೆ ಬಂದ ಬೆಕ್ಲೋಮೆಥಸೋನಿನಂತಹ, ನಿತ್ಯವೂ ಸೇದಬೇಕಾದ ಸ್ಟಿರಾಯ್ಡ್ ಔಷಧ ಬೇಕು. ಸ್ನಾಯುವನ್ನು ಸಡಿಲಿಸುವ ತ್ವರಿತ ಔಷಧವೊಂದನ್ನೇ ಹರೆಯದವರಿಗೂ ವಯಸ್ಕರಿಗೂ ಕೊಡಬಾರದು, ಬಾವು ಇಳಿಸುವ ಔಷಧವೂ ಜೊತೆಗಿರಬೇಕು ಎಂದು ಜಿನಾ ಎಂಬ ಅಂತರರಾಷ್ಟ್ರೀಯ ತಜ್ಞಮಂಡಲಿಯು 2019ರಲ್ಲಿ ಸಾರಿತು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಕಳೆದ ಸುಗ್ಗಿಯಲ್ಲಿ ಒಬ್ಬ ವೃದ್ಧ ತಾಯಿ ಸೊಸೆಯೊಡನೆ ನಮ್ಮಲ್ಲಿಗೆ ಬಂದರು. “ಅಜ್ಜಾರ, ಇಕಿಗೆ ಪಂಪಿನ ಚಟಾ ಹತ್ತೇತ್ರಿ. ಒಂದ್ ತಾಯಿತಾ ಕಟ್ಟಿ ಬಿಡಸ್ರಿ” ಎಂದರು. ಆ ಹೆಣ್ಣುಮಗಳು ತಲೆ ಬಾಗಿಸಿ ನಿಂತಿದ್ದಳು. ರೋಗಿಷ್ಟೆಯೆಂಬ ಹೆಸರು ಬಂದೀತೆಂದು ಹೆದರಿ, ನಿತ್ಯದ ಔಷಧವನ್ನು ಬಿಟ್ಟು, ಉಸಿರು ಸಿಕ್ಕಿಕೊಂಡಾಗ ಮಾತ್ರ ಹಿತ್ತಲಿಗೆ ಹೋಗಿ ತ್ವರಿತದ ಪಂಪು ಸೇದುತ್ತಿದ್ದಳಂತೆ. ಅದೂ ದಿನಕ್ಕೆ ಆರೇಳು ಸಲಕ್ಕೇರಿ, ಒಂದು ರಾತ್ರಿ ಮಾತು ನಿಂತು ತುಟಿ ನೀಲಿಗಟ್ಟಿದಾಗ ಅವಳನ್ನು ರಾಮದುರ್ಗಕ್ಕೆ ಹೊತ್ತೊಯ್ದಿದ್ದರು. “ತಾಯಿ, ನಿಮ್ಮ ಕಣ್ಣಿಗೆ ಚಾಳೀಸು ಇದೆಯಲ್ಲ, ಅದು ಚಟವೇ?” ಎಂದು ನಾವು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅದಿಲ್ಲದ ಕಾಣಂಗಿಲ್ರಿ” ಎಂದರು. ತಾಯಿತ ಕಟ್ಟಲಿಲ್ಲ; ಅತ್ತೆಯ ಕೈಯಿಂದಲೇ ಸೊಸೆಗೆ ಪಂಪು ಕೊಡಿಸಿದೆವು.

ವಿಭೂತಿ, ತಾಯಿತಗಳಿಂದ ಏನೂ ಆಗದೇ ಎಂದು ತಾವು ಕೇಳಬಹುದು. 2011ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಉತ್ತರವೀಯುತ್ತದೆ. 39 ರೋಗಿಗಳಿಗೆ ಸರದಿಯಂತೆ ಸಾಲ್ಬುಟಮಾಲ್ ಪಂಪು, ಔಷಧವಿಲ್ಲದ ಹುಸಿ ಪಂಪು, ಹುಸಿ ಸೂಜಿಚಿಕಿತ್ಸೆ ಇವುಗಳನ್ನು ಕೊಟ್ಟು, ಒಂದು ಸರದಿಯಲ್ಲಿ ಏನನ್ನೂ ಕೊಡದೆ ನೋಡಿದರು. ತಮಗೆ ನೂರಕ್ಕೆ 50ರಷ್ಟು ಗುಣವಾಯಿತೆಂದು ರೋಗಿಗಳು ಸಾಲ್ಬುಟಮಾಲಿನ ವಿಷಯದಲ್ಲಿ ಹೇಳಿದರೆ, ಹುಸಿ ಪಂಪಿಗೆ 45, ಹುಸಿ ಸೂಜಿಗೆ 46 ಎಂದರು. ಏನೂ ಕೊಡದಾಗ 21. ಆದರೆ ಯಂತ್ರವಿಟ್ಟು ಉಸಿರನ್ನು ಅಳೆದಾಗ, ಸಾಲ್ಬುಟಮಾಲಿನಿಂದ ನೂರಕ್ಕೆ 20ರಷ್ಟು ಏರಿಕೆ ಕಂಡಿತು. ಮಿಕ್ಕ ಮೂರರಲ್ಲಿಯೂ ಸುಮಾರು 7 ಮಾತ್ರ. ನಂಬಿಕೆಯು ಮನಸ್ಸಿಗೆ ಕೊಡುವ ಸಮಾಧಾನ ಸುಳ್ಳಲ್ಲ. ಆದರೆ ಅದು ಬಿಗಿದ ಕೊಳವೆಯನ್ನು ತೆರೆಯಲಿಲ್ಲ. ಹಾಯೆನಿಸಿತೆಂದು ರೋಗಿಯು ಮನೆಯಲ್ಲಿಯೇ ಮಲಗಿದರೆ ಪ್ರಾಣಕ್ಕೆ ಎರವಾದೀತು. ಆದುದರಿಂದಲೇ ವಿಭೂತಿ ಕೊಡುವಾಗಲೆಲ್ಲ, ವೈದ್ಯರ ಚೀಟಿ ಎಲ್ಲಿದೆಯೆಂದು ನಾವು ಕೇಳುತ್ತೇವೆ.

ವಾಚಕರೇ, ತಮ್ಮ ಮನೆಯಲ್ಲಿ ದಮ್ಮಿನವರಿದ್ದರೆ ಇಷ್ಟನ್ನು ಗಮನಿಸಿರಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತ್ವರಿತದ ಪಂಪು ಬೇಕಾಗುತ್ತಿದ್ದರೆ, ಇಲ್ಲವೆ ಉಸಿರು ಕಟ್ಟಿ ರಾತ್ರಿ ಎಚ್ಚರವಾಗುತ್ತಿದ್ದರೆ, ರೋಗವು ಹತೋಟಿಯಲ್ಲಿಲ್ಲವೆಂದು ತಿಳಿದು ವೈದ್ಯರನ್ನು ಕಾಣಿರಿ. ನಿತ್ಯದ ಔಷಧವನ್ನು ಹಾಯೆನಿಸಿದಾಗಲೂ ಬಿಡಬೇಡಿರಿ. ಸೇದಿದ ಮೇಲೆ ಬಾಯಿ ಮುಕ್ಕಳಿಸಿರಿ. ಒಂದು ವಾಕ್ಯ ಪೂರ್ತಿ ಆಡಲಾರದಷ್ಟು ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಒಯ್ಯಿರಿ. ಪೂಜೆಯ ಕೋಣೆಯಲ್ಲಿ ಲೋಬಾನದ ಹೊಗೆ ಅವರಿಗೆ ತಾಕದಿರಲಿ. ಮತ್ತು ಸೊಸೆಯಾಗಲಿ, ಮಗಳಾಗಲಿ, ಪಂಪನ್ನು ಎಲ್ಲರೆದುರು ಸೇದುವಷ್ಟು ಧೈರ್ಯ ಆ ಮನೆಯಲ್ಲಿ ಅವಳಿಗೆ ಇರಲಿ.